ಹರಿದದ್ದು

ಕೌಲ್ ಬಜಾರಿನ ಹಿಂದಿನ ಓಣಿ,
ಮೆಟ್ಟಿಲಿಳಿದರೆ ಹದಿನಾಲ್ಕು ಮಿಷನ್ನು, ನೀಲಿ ದೂಳು.
ಜೀನ್ಸಿನ ಗಂಟಿಗೆ ಚೀಟಿ ಬರೆಯುವ ಕೆಲಸ ನನಗೆ,
ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲೇ ಡುಮ್ಕಿ ಹೊಡೆದವಳಿಗೆ.

ಎರಡು ಗಂಟು ಇಟ್ಟು ಹೋದ ಎರ್ರಿಸ್ವಾಮಿ:
ಇದು ರಿಪ್ಡ್, ಇದು ಟಾರ್ನ್.
ಅದಲು ಬದಲಾದೀತು, ಹುಷಾರು.
ಡಿಕ್ಷನರಿ ತೆಗೆದೆ. ಅಲ್ಲಿ
ಎರಡಕ್ಕೂ ಒಂದೇ ಉತ್ತರ: ಹರಿದ.

ರಿಪ್ಡ್ ಅಂದರೆ
ಹೊನ್ನೂರಬಿ ಮೊಣಕಾಲಿನ ಮೇಲೆ
ಮೂರು ಬೆರಳು ಅಳೆದು, ಬ್ಲೇಡಿನಲ್ಲಿ
ಬೇಕಂತಲೇ ಸೀಳಿದ್ದು. ಒಂದಕ್ಕೆ ನಾಲ್ಕು ರೂಪಾಯಿ.

ಟಾರ್ನ್ ಅಂದರೆ
ಅದೇ ಹೊನ್ನೂರಬಿ, ಅದೇ ಬ್ಲೇಡು,
ಕರೆಂಟು ಹೋದ ಗಳಿಗೆ ಕೈ ಜಾರಿದ್ದು.
ಕೂಲಿಯಲ್ಲಿ ಎಂಬತ್ತು ಹಿಡೀತಾರೆ.

ಇವತ್ತು ಮಧ್ಯಾಹ್ನ ಒಂದು ಪ್ಯಾಂಟು
ಎರಡೂ ಗಂಟಿನ ನಡುವೆ ಬಿದ್ದಿತ್ತು.
ಬೆಳಕಿಗೆ ಹಿಡಿದೆ, ಎಳೆ ಎಣಿಸಿದೆ.
ಬಾಯಿ ಬಿಟ್ಟುಕೊಂಡೇ ಇತ್ತು ಬಟ್ಟೆ,
ಒಂದು ಮಾತೂ ಆಡಲಿಲ್ಲ.
ಹೊನ್ನೂರಬಿ ತಲೆ ಎತ್ತಲಿಲ್ಲ.
ಅವಳ ಬ್ಲೇಡು ಮಾತ್ರ ನಿಂತಿತ್ತು.

ಬರೆದೆ: ಆರ್, ಐ,
ಪಿ ಒಂದೋ ಎರಡೋ ನೆನಪಾಗಲಿಲ್ಲ,
ಇರಲಿ ಅಂತ ಎರಡು ಹಾಕಿದೆ.

ಬೆನ್ನ ಹಿಂದೆ
ಬ್ಲೇಡು ಮತ್ತೆ ಸರ್ರಂತು.