ಹತ್ತು ಬೈ ಎಂಟು

ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ.
ಅರಸೀಕೆರೆ ಬಸ್‌ಸ್ಟ್ಯಾಂಡ್ ಎದುರು ಅವಳ ಮುಖ ಕಟ್ಟಿದವನು ನಾನೇ,
ಬೆಳಗಿನ ಐದಕ್ಕೆ ಏಣಿ ಹತ್ತಿ
ಹಲ್ಲಲ್ಲಿ ಬೈಂಡಿಂಗ್ ವೈರು ಕಚ್ಚಿಕೊಂಡು.

'ಹೆಸರಲ್ಲೇ ಜಯ ಇದೆ! ಜಯಶೀಲಾಗೆ ವೋಟು ಹಾಕಿ.'
ಸಾಲು ನಂದು, ದುಡ್ಡು ಗೆಳೆಯರ ಬಳಗದ್ದು.
ಕೆಳಗೆ ಹದಿನೇಳು ಪಾಸ್‌ಪೋರ್ಟ್ ಸೈಜಿನ ತಲೆಗಳು,
ಅದರಲ್ಲಿ ಅವಳ ಹಾಡು ಎದುರಿಗೆ ಕೂತು ಕೇಳಿದ್ದವರು
ಇಬ್ಬರೋ ಮೂವರೋ.
ಅವರಪ್ಪನ ಫೋಟೋ ಹಾಕೋದು ಮಾತ್ರ ಮರೆತಿದ್ದೆವು.

ಅವರಪ್ಪ ಜವರಯ್ಯ, ರೈಲ್ವೆ ಕೀಮ್ಯಾನ್.
ದಿನಾ ಬಾಣಾವರದ ದಿಕ್ಕಿಗೆ ಆರು ಕಿಲೋಮೀಟರು,
ಹೆಗಲಲ್ಲಿ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಬಾವುಟ.
ಕಂಬಿಗೊಂದು ಏಟು, ಒಂದು ಗಳಿಗೆ ಕಿವಿ, ಮತ್ತೆ ಹೆಜ್ಜೆ.
'ಗಟ್ಟಿ ಕಂಬಿ ಹಾಡ್ತದೆ,
ಬಿರುಕು ಬಿಟ್ಟದ್ದು ಕೆಮ್ಮುತ್ತೆ' ಅನ್ನೋನು.
ಆ ಕಿವಿ ಮಗಳಿಗೆ ಬಂದಿತ್ತು.
ಮನೇಲಿ ತಂಬೂರಿಯಿಲ್ಲ, ಗೂಡ್ಸ್ ಗಾಡಿಯ ಹಾರ್ನೇ ಷಡ್ಜ.

ಒಂದನೇ ವಾರ ಊರಿಗೆ ಊರೇ ಟೀವಿ ಮುಂದೆ.
ಎರಡನೇ ವಾರ ತೀರ್ಪುಗಾರರು ಎದ್ದು ನಿಂತರು.
ಮೂರು, ನಾಲ್ಕು, ನಾನು ಮೂರು ಸಿಮ್ಮಿಂದ ವೋಟು ಒತ್ತಿದೆ.
ಐದನೇ ವಾರ
ನಿರೂಪಕ ಲಕೋಟೆ ಬಿಚ್ಚುತ್ತಾ ಬಿಚ್ಚುತ್ತಾ
'ಈಗ ಒಂದು ಸಣ್ಣ ವಿರಾಮ' ಅಂದ.
ಬನಿಯನ್ನು, ಸೋಪು, ಚಿನ್ನದ ಸಾಲ.
ಆಮೇಲೆ ಅವಳ ಹೆಸರು.

ಅವಳಿಗಿಂತ ಮೊದಲು ಹೊರಬಿದ್ದವರು
'ಯಾಕೆ ಸಾರ್' ಅಂತ ಅತ್ತಿದ್ದರು, ಪಿಟೀಲು ಹಿನ್ನೆಲೆಗೆ ಬಂದಿತ್ತು.
ಇವಳಿಗೂ ಪಿಟೀಲು ಶುರುವಾಯಿತು.
'ಉಸಿರು ಸಾಲಲಿಲ್ಲ ಮಗಳೇ' ಅಂದರು ದೊಡ್ಡವರು.
ಇವಳು ಮೈಕು ಬಾಯಿಗೆ ಹತ್ತಿರ ತಂದು
'ಯಾವ ಸಾಲಲ್ಲಿ ಸಾರ್?' ಅಂದಳು.
ಪಿಟೀಲಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ.
'ಚರಣ, ಎರಡನೇ ಸಾಲು, ಪದದ ನಡುವೆ ಮುರಿದೆ.'
ತಲೆಯಾಡಿಸಿದಳು, ಮೆಟ್ಟಿಲು ನೋಡಿಕೊಂಡು ಇಳಿದಳು.

ಸೋಮವಾರ ಅದೇ ಫ್ರೇಮಿಗೆ
ಯಾರದೋ ಹುಟ್ಟುಹಬ್ಬ ಏರಬೇಕಿತ್ತು.
ಅವಳನ್ನು ಬಿಚ್ಚಿ ಸುರುಳಿ ಸುತ್ತುವಾಗ ಜವರಯ್ಯ ಬಂದ:
'ಇದು ನಂಗೆ ಕೊಡ್ತೀಯಾ? ಸೌದೆ ಮುಚ್ಚೋಕೆ.'
ನಾನೇ ಸೈಕಲ್ಲಿಗೆ ಕಟ್ಟಿಕೊಟ್ಟೆ.
ಎರಡು ಹೆಜ್ಜೆ ಹೋಗಿ ತಿರುಗಿ ಕೇಳಿದ,
'ಮುಖ ಒಳಗಡೆ ಮಾಡಿ ಹೊದಿಸಿದರೆ
ಬಿಸಿಲಿಗೆ ಬಣ್ಣ ಹೋಗಲ್ಲ, ಅಲ್ವಾ?'

ಈಗ ಅವಳೂ ಬೆಳಗ್ಗೆ ಅಪ್ಪನ ಜೊತೆ
ಕಂಬಿಯ ಪಕ್ಕದ ಕಾಲುದಾರೀಲಿ ನಡೀತಾಳಂತೆ.
ಒಂದು ವಿದ್ಯುತ್ ಕಂಬದಿಂದ ಮುಂದಿನ ಕಂಬಕ್ಕೆ ಒಂದೇ ಉಸಿರು, ಅದೇ ಸಾಲು.
ದೀಪಾವಳಿಗೆ ಒಂದು ಕಂಬ ದಾಟಿತ್ತು.
ಸಂಕ್ರಾಂತಿಗೆ ಒಂದೂಕಾಲು.
ಕಾಲು ಕಂಬಕ್ಕೆ ಅಷ್ಟು ದಿನ!
ನಾನು ನಕ್ಕೆ. ಜವರಯ್ಯ ನಗಲಿಲ್ಲ.

ಹೇಳಲೇಬೇಕು. ಫ್ಲೆಕ್ಸ್ ಬರೋಕೆ ಮುಂಚೆ
ನಾನು ಬೋರ್ಡು ಬರೀತಿದ್ದೆ, ಕುಂಚದಲ್ಲಿ.
ಹಾಸನಕ್ಕೆ ಹೋಗಿ ದೊಡ್ಡ ಗೋಡೆ ಕೇಳಿದ್ದೆ,
ಮೇಸ್ತ್ರಿ ನೋಡಿ 'ಇನ್ನೂ ಕೈ ಕೂತಿಲ್ಲ' ಅಂದಿದ್ದ.
ಹದಿನಾಲ್ಕು ವರ್ಷ ಅವನನ್ನು ಬೈದುಕೊಂಡೆ.
ಯಾವ ಅಕ್ಷರದಲ್ಲಿ ಅಂತ ಕೇಳಿರಲಿಲ್ಲ.

ಮೊನ್ನೆ ರಾತ್ರಿ ಶಟರ್ ಎಳೆದು
ಒಣಗಿದ ಕುಂಚ ಸೀಮೆಎಣ್ಣೆಯಲ್ಲಿ ನೆನೆಸಿ
ಹಳೇ ಬ್ಯಾನರಿನ ಬೆನ್ನಿಗೆ ಅ ಇಂದ ಳ ವರೆಗೆ ಬರೆದೆ.
ಸಿಕ್ಕಿತು. ಳ.
ಒಳಗೆ ಸುತ್ತಿ ಹೊರಗೆ ಬರುವಾಗ
ಮಣಿಕಟ್ಟು ಹೆದರಿ ಒಂದು ಚೂರು ನಿಲ್ಲುತ್ತದೆ.
ಅಷ್ಟೇ. ಇಷ್ಟು ವರ್ಷ ಅಷ್ಟೇ.

ಇವತ್ತು ಅವಳು ಅಂಗಡಿಗೆ ಬಂದಿದ್ದಳು,
ಅರ್ಜಿಗೆ ಎರಡು ಜೆರಾಕ್ಸು, ಆಧಾರ್‌ಗೊಂದು.
'ಈ ಸಲಾನೂ ಹತ್ತು ಬೈ ಎಂಟು?' ಅಂದೆ.
'ಫ್ಲೆಕ್ಸು ಬೇಡಣ್ಣ' ಅಂದಳು,
ಗೋಡೆ ತುಂಬಾ ನೇತಾಡುತ್ತಿದ್ದ ನನ್ನ ಳಗಳನ್ನು ನೋಡಿ
ಏನೂ ಕೇಳದೆ
ಮೂರು ರೂಪಾಯಿ ಚಿಲ್ಲರೆ ಎಣಿಸಿದಳು.