ಮೂವತ್ತೊಂಬತ್ತು

ಮಂಡಿ ಮೊಹಲ್ಲಾದಲ್ಲಿ ದಸ್ತಗೀರ್ ಸಾಹೇಬರ ವರ್ಕ್‌ಶಾಪು
ಅಂದರೆ ಒಂದು ಮೇಜು, ಒಂದು ಬಲ್ಬು,
ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ ಲೈಸೆನ್ಸು,
ಮತ್ತೆ ಆ ಕಬ್ಬಿಣದ ಪ್ರೆಸ್ಸು:
ಒಂದೇ ಕೈಯಿನ ಮುದುಕ,
ಬಂದವರಿಗೆಲ್ಲ ಸಲಾಮು ಹೊಡೆದು ಹೊಡೆದು ಹಿಡಿ ಸವೆದಿದೆ.

ನಾನು ಬ್ಯಾಂಕಿನ ಕ್ಯಾಷಿಯರು.
ಹತ್ತೊಂಬತ್ತು ವರ್ಷ ಊರಿನ ನೋಟು ಎಣಿಸಿದವಳು,
ಸಂಜೆಯ ಲೆಕ್ಕಕ್ಕೆ ಒಂದು ರೂಪಾಯಿ ಕಮ್ಮಿ ಬೀಳದವಳು.
ಭಾನುವಾರ ಮಾತ್ರ ರೈಫಲ್ ಕ್ಲಬ್ಬಿನ ಚಾಪೆಯ ಮೇಲೆ ಬೋರಲು,
ಎದುರಿಗೆ ಸಾಸಿವೆಯಷ್ಟು ಕಪ್ಪು.

ಆ ಶನಿವಾರ ಐವತ್ತು ತೋಟಾ ತುಂಬಬೇಕಿತ್ತು.
ಹಿತ್ತಾಳೆ ಚಿಪ್ಪುಗಳ ಕಂಠ ಒರೆಸಿ, ಬಾಯಂಚಿನ ಮುಳ್ಳು ಕೆರೆದು,
ಚಿನಿವಾರರ ತಕ್ಕಡಿಯಲ್ಲಿ ಮದ್ದು ತೂಗಿ
(ಕೆಮ್ಮಿಗೆ ಕೊಡುವುದಕ್ಕೂ ಇದೇ ಹೆಸರು)
ಗುಂಡನ್ನು ನೆಟ್ಟಗೆ ನಿಲ್ಲಿಸಿ ಹಿಡಿ ಎಳೆದರೆ
ಕೂರುತ್ತದೆ.
ಸದ್ದಿಲ್ಲ. ಅಂಗೈಗೆ ಮಾತ್ರ ತಿಳಿಯುತ್ತದೆ,
ಹಠದ ಮಗು ಕೊನೆಗೂ ಮಣೆಯ ಮೇಲೆ ಕೂತ ಹಾಗೆ.

ಮೊದಲನೆಯದನ್ನು ಕ್ಯಾಲಿಪರಿನಲ್ಲಿ ಅಳೆದೆ.
ಸರಿಯಿತ್ತು.
ತಪ್ಪಾದದ್ದು ಅಲ್ಲೇ.

ಇಶಾ ನಮಾಜು ಮುಗಿಸಿ ಬಂದ ಸಾಹೇಬರು
ಕೊನೆಯ ಸಾಲಿನಿಂದ ಒಂದನ್ನು ಎತ್ತಿ ಅಳೆದರು.
ಇನ್ನೊಂದು.
ಆಮೇಲೆ ಅಚ್ಚಿನ ನೆತ್ತಿಯ ನಟ್ಟನ್ನು ಕಿರುಬೆರಳಲ್ಲಿ ಮುಟ್ಟಿದರು. ತಿರುಗಿತು.
ನಾನು ಬಿಗಿದಿರಲಿಲ್ಲ.
ಒಂದೊಂದು ಎಳೆತಕ್ಕೂ ಕೂದಲೆಳೆಯಷ್ಟು ಇಳಿದು
ಐವತ್ತನೆಯ ಗುಂಡು ಬಾವಿಗೆ ಬಿದ್ದವನಂತೆ
ತಲೆ ಮಾತ್ರ ಮೇಲಿಟ್ಟುಕೊಂಡಿತ್ತು.

"ವಠಾರ ನೋಡಿದ್ದೀಯಲ್ಲಮ್ಮ ವನಮಾಲಾ,
ಇಬ್ಬರಿರೋ ಕೋಣೆಗೆ ಐದು ಜನ ತುಂಬಿದರೆ
ಬೆಳಗಾಗೋದರೊಳಗೆ ಜಗಳ.
ಮದ್ದಿಗೂ ಹಂಗೇ. ಇಕ್ಕಟ್ಟಾದರೆ ಸಿಟ್ಟು."
ಅವರ ಎಡಹುಬ್ಬಿನಲ್ಲಿ ಕೂದಲು ಹುಟ್ಟದ ಒಂದು ಗೆರೆಯಿದೆ.
ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಹನ್ನೊಂದು ಉಳಿದವು.
ಮೂವತ್ತೊಂಬತ್ತನ್ನು ಬಿಚ್ಚಬೇಕು.

ಬಿಚ್ಚಲಿಕ್ಕೆ ಒಂದು ಪೊಳ್ಳು ಸುತ್ತಿಗೆ ಇದೆ.
ಅದರ ಹೊಟ್ಟೆಯೊಳಗೆ ತೋಟಾ ತೂಗುಹಾಕಿ
ಮರದ ದಿಮ್ಮಿಗೆ ಕುಟ್ಟಬೇಕು, ಗುಂಡು ತಾನಾಗಿ ಜಾರುವ ತನಕ.
ಕೂರಿಸಲು ಒಂದು ಎಳೆತ;
ಎಬ್ಬಿಸಲು ಆರು ಪೆಟ್ಟು, ಒಮ್ಮೊಮ್ಮೆ ಒಂಬತ್ತು.
ಹದಿನೈದನೆಯದಕ್ಕೆ ನನ್ನ ಮಣಿಕಟ್ಟು ನಡುಗಿತು.
ಇಪ್ಪತ್ತನೆಯದಕ್ಕೆ ಮಹಡಿಯ ಕಿಟಕಿ ತೆಗೆಯಿತು:
"ಸಾಬ್ರೇ, ಈ ಹೊತ್ತಲ್ಲಿ ಏನ್ರೀ ಕುಟ್ಟೋದು?"
"ಬ್ಯಾಂಕಿನ ಲೆಕ್ಕ, ಪುಟ್ಟಲಿಂಗಮ್ಮಾ. ತಾಳೆ ಆಗ್ತಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.
ನೂರರ ಕಟ್ಟಿನಲ್ಲಿ ಮೇಲಿನ ನೋಟು ಅಸಲಿ ಅಂತ
ಕೆಳಗಿನವನ್ನು ನಂಬುತ್ತೀಯೇನಮ್ಮ, ಅಂದರು.
ಇಲ್ಲ, ಅಂದೆ.
ಮತ್ತೆ ಇಲ್ಲಿ?

ಇಲ್ಲಿ ಭಾನುವಾರದ ಗುಂಗಿತ್ತು ಸಾಹೇಬರೇ,
ಕೈ ಓಡುತ್ತಿತ್ತು,
ಓಡುವ ಕೈಯನ್ನು ನಿಲ್ಲಿಸಿ ಹತ್ತಕ್ಕೊಂದು ಅಳೆಯಲು
ಬೇಸರವಾಯಿತು.
ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.
ಕುಟ್ಟಿದೆ.

ಬೆಟ್ಟದ ದೀಪದ ಸಾಲು ಮಂಜಿನಲ್ಲಿ ಮಸುಕಾಗುವ ಹೊತ್ತಿಗೆ
ಮದ್ದು ಬೇರೆ ಡಬ್ಬಿಯಲ್ಲಿ, ಚಿಪ್ಪು ತಟ್ಟೆಯಲ್ಲಿ,
ಗುಂಡು ಸ್ಟೀಲಿನ ಲೋಟದಲ್ಲಿ.
ಎಣಿಸಿದೆ.
ಮೂವತ್ತೆಂಟು.

ಮತ್ತೆ ಎಣಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಎಣಿಕೆ ನನ್ನ ಕಡೆ ಬೆನ್ನು ಹಾಕಿತ್ತು.
ಇಬ್ಬರೂ ಮೊಣಕಾಲೂರಿ ಮೇಜಿನ ಕೆಳಗೆ ಟಾರ್ಚು ಬಿಟ್ಟೆವು:
ಹಿತ್ತಾಳೆ ಪುಡಿ, ಸ್ಪ್ರಿಂಗು, ಯಾವ ಕಾಲದ್ದೋ ನಾಲ್ಕಾಣೆ,
ಒಣಗಿದ ಅಡಿಕೆ ಚೂರು.
ಚರ್ಚಿನ ಗಂಟೆ ಹೊಡೆಯಿತು. ಹಾಲಿನ ಸೈಕಲ್ಲು ಹೋಯಿತು.

ಸಿಕ್ಕಿದ್ದು ನನ್ನ ಚಪ್ಪಲಿಯಲ್ಲಿ,
ಹೆಬ್ಬೆರಳಿನ ಗುಳಿಯಲ್ಲಿ ತಣ್ಣಗೆ,
ಅಚ್ಚುಕಟ್ಟಾಗಿ ಕೂತಿತ್ತು.

ಸಾಹೇಬರು ಲೋಟ ನನ್ನ ಮುಂದೆ ತಳ್ಳಿದರು.
ಈಗ ಎಣಿಸು, ಅಂದರು.
ಎಣಿಸಿದೆ.
ನಟ್ಟು ಬಿಗಿ, ಅಂದರು.