ಹತ್ತೊಂಬತ್ತು, ಅಥವಾ ಇಪ್ಪತ್ತು

ಪಂದ್ಯಕ್ಕೆ ಹನ್ನೊಂದು ರೂಪಾಯಿ, ಒಂದು ಸೇರು ಮಂಡಕ್ಕಿ,
ಅರ್ಧ ದಿನದ ರಜೆ, ಸಂಬಳ ಮುರಿಯದೆ.
ದಾವಣಗೆರೆಯಲ್ಲಿ ಚೆಂಡು ಹಾಕಿ ಕೂಲಿ ಪಡೆದವರಲ್ಲಿ
ನನಗೆ ತಿಳಿದಂತೆ ಹೊನ್ನೂರಸಾಬನೇ ಮೊದಲು.
ವೋಚರು ಬರೆದವನು ನಾನು. ಬಾಬತ್ತು: ಇತರೆ ಖರ್ಚು.

ಮಿಲ್ಲಿನಿಂದ ನೇರ ಬರುತ್ತಿದ್ದ, ಹುಬ್ಬಿಗೆಲ್ಲ ಅರಳೆ,
ಇಪ್ಪತ್ತೆರಡಕ್ಕೇ ಮುದುಕನಂತೆ ಬೆಳ್ಳಗೆ.
ಕೊಡಿಸಿದ ಬೂಟು ತಮ್ಮನಿಗೆ ಕೊಟ್ಟು ಬರಿಗಾಲಲ್ಲಿ ನಿಂತ.
ನಾರಿನ ಮ್ಯಾಟು, ನಾಲ್ಕು ಮೂಲೆಗೆ ಮೊಳೆ,
ಹತ್ತು ಹೆಜ್ಜೆ ಓಟ, ಆಮೇಲೆ
ಏನಾಗುತ್ತಿತ್ತೋ ನನಗೂ ಕಾಣುತ್ತಿರಲಿಲ್ಲ.
ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಗೂಟ ಮಲಗಿರುತ್ತಿತ್ತು.

ಹರಿಹರದವರು ಆರು. ರಾಣೆಬೆನ್ನೂರಲ್ಲಿ ಐದು.
ಹೊಸಪೇಟೆಯ ಏಳು ಮಂದಿ ಊಟಕ್ಕೆ ಮುಂಚೆಯೇ ಪ್ಯಾಡು ಬಿಚ್ಚಿದರು.
ರನ್ನಿಲ್ಲದ ಓವರಿನ ಚುಕ್ಕಿ ಆರನ್ನೂ ಕೂಡಿಸಿ ಗೆರೆ ಎಳೆಯುವಾಗ
ರಂಗೋಲಿ ಹಾಕುವ ಹೆಂಗಸಿನ ಸುಖ ನನಗೆ.

ನಾಲ್ಕನೆಯದು ದುರ್ಗದವರ ಮೇಲೆ.
ಸರ್ವೆ ಇಲಾಖೆಯ ಅಂಪೈರು
ಒಂದು ವಿಕೆಟ್ಟು ಬಿದ್ದಮೇಲೆ ಕೈ ಚಾಚಿದ: ನೋ ಬಾಲ್.
ಮೊಣಕೈ ಮಡಚುತ್ತಾನೆ, ಇದು ಬೌಲಿಂಗಲ್ಲ, ಕಲ್ಲು ಬೀರೋದು.
ಮತ್ತೆ ನೋ ಬಾಲ್. ಮತ್ತೆ.
ಗೂಟ ಹಾರಿ ಕೀಪರನ ಹಿಂದೆ ಬಿತ್ತು, ಅದೂ ನೋ ಬಾಲ್.
ಓವರು ಮುಗಿಯಲೇ ಇಲ್ಲ.
ಜನ ಮೊದಲು ಬೈದರು, ಆಮೇಲೆ ನಕ್ಕರು.
ಹನ್ನೆರಡನೇ ಸಲಕ್ಕೆ ಅವನೇ ಚೆಂಡು ಒರೆಸಿ
ಕ್ಯಾಪ್ಟನ್ನನ ಕೈಗಿಟ್ಟ,
ಬಟವಾಡೆಯ ದಿನ ಸಹಿ ಹಾಕಿ ಪೆನ್ನು ವಾಪಸು ಕೊಡುವಂತೆ.

ನನಗೆ ಗೊತ್ತಿತ್ತು.
ಸಂಬಳದ ಕಿಟಕಿಯೊಳಗೆ ತಿಂಗಳು ತಿಂಗಳು ಚಾಚಿದ ಆ ಕೈ
ಎಂದೂ ನೆಟ್ಟಗಾಗಲಿಲ್ಲ.
ಏಳನೇ ವಯಸ್ಸಿಗೇ ಅಪ್ಪನ ಹಿಂಜುವ ಬಿಲ್ಲು ಹಿಡಿದು
ಅದೇ ಬಾಗಿನಲ್ಲಿ ಬಲಿತ ಮೂಳೆ;
ನೆಟ್ಟಗಾಗದ ಕೈ ಬೀರುವುದಾದರೂ ಹೇಗೆ?
ಎದ್ದು ಹೇಳಬಹುದಿತ್ತು.
ಸ್ಕೋರು ಬರೆಯುವವನು ಮಾತಾಡಬಾರದೆಂಬ ನಿಯಮ
ಇದೆಯೋ ಇಲ್ಲವೋ, ಆವತ್ತು ಇತ್ತು.

ಮಗಳ ಮದುವೆಗೆ ಹಾಸಿಗೆ ಮಾಡಿಸಬೇಕಿತ್ತು. ಬಂದವನು ಅವನೇ.
ಪಡಸಾಲೆಯಲ್ಲಿ ಬಿಲ್ಲು ಟೊಂಯ್ ಟೊಂಯ್,
ಹತ್ತಿ ಹಾರಿ ಗಡಿಯಾರದ ಮೇಲೆ ಕೂತಿತು.
ನೀರು ಕುಡಿದು ಕೇಳಿದ: "ಒಟ್ಟು ಎಷ್ಟಾದ್ವು ಸ್ವಾಮಿ, ನನ್ವು?"
"ಹತ್ತೊಂಬತ್ತು."
"ಇಪ್ಪತ್ತು," ಅಂದ, ತಂತಿ ಬಿಗಿ ಮಾಡುತ್ತ.

ರಾತ್ರಿ ಪುಸ್ತಕ ತೆಗೆದೆ. ಆ ಚೆಂಡು ಅಲ್ಲೇ ಇತ್ತು,
ನಾನೇ ಸುತ್ತಿದ ಸೊನ್ನೆಯೊಳಗೆ.
ರಬ್ಬರು ಸಿಕ್ಕಿತು. ಪೆನ್ಸಿಲ್ಲೂ.
ಒಳಗಿಂದ ಹೆಂಡತಿ: ತಲೆದಿಂಬಿಗೆ ಹತ್ತಿ ಕಡಿಮೆ ಬಿತ್ತು,
ನಾಳೆ ಅವನನ್ನು ಇನ್ನೊಂದು ಸಲ ಕರೆಸ್ರಿ.